ಎತ್ತರ ಸರ್ಕಾರದ್ದು

ನಮ್ಮಣ್ಣ ಮೋಸ ಮಾಡಿ ಗೆದ್ದ. ನಮ್ಮಪ್ಪ ಅದನ್ನು ಕಣ್ಣಾರೆ ಕಂಡು ಸುಮ್ಮನಾದರು. ನಡೆದದ್ದು ಇಷ್ಟೇ. ಇದರ ಮೇಲೆ ಯಾರು ಎಷ್ಟು ಬಣ್ಣ ಬಳಿದರೂ ಒಳಗಿರುವುದು ಇದೇ. ಅಣ್ಣ ಲೋಕೇಶ ಈಗ ನಿವೃತ್ತ ಕರ್ನಲ್. ದ್ವಾರಕಾದಲ್ಲಿ ಸ್ವಂತ ಫ್ಲ್ಯಾಟು, ಬೆಳಗ್ಗೆ ಪಾರ್ಕಿನಲ್ಲಿ ವಾಕಿಂಗು, ಸಂಜೆ ಯಾರು ಸಿಕ್ಕರೆ ಅವರಿಗೆ ಉಪದೇಶ. ಮೊನ್ನೆ ನಮ್ಮ ಕನ್ನಡದವರ ಸಂಘದ ಸ್ಮರಣ ಸಂಚಿಕೆಯಲ್ಲಿ ಬಾಲ್ಯದ ಬಗ್ಗೆ ಎರಡು ಪುಟ ಬರೆದಿದ್ದಾನೆ. ಅದರಲ್ಲಿ ನಾನು ಬರುವುದು ಒಂದೇ ಸಾಲಿನಲ್ಲಿ. ಅವ್ವ ಹಾಸಿಗೆ ಹಿಡಿದಾಗ ತಂಗಿ ಗಂಗಾ ಸಂತೋಷದಿಂದ ಶಾಲೆ ಬಿಟ್ಟು ಮನೆ ನೋಡಿಕೊಂಡಳಂತೆ. ಸಂತೋಷದಿಂದ. ಆ ಪದವನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ಆಮೇಲೆ ಮೊಮ್ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆಗಳು ಸಾಕಷ್ಟಿವೆಯಾ ಅಂತ ನೋಡಿಕೊಂಡು ಬರೆಯಲು ಕೂತೆ. ನಾನು ಓದಿರುವುದು ಆರನೇ ತರಗತಿ, ಅದೂ ಅರ್ಧ, ಅದೂ ಹಿಂದಿಯಲ್ಲಿ. ಅಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ. ವಿಷಯ ತಿದ್ದಬೇಡಿ.

ನಾವಿರುವುದು ಘಾಜಿಯಾಬಾದಿನಲ್ಲಿ, ಹನ್ನೊಂದನೇ ಮಹಡಿಯಲ್ಲಿ, ಮಗ ಸೊಸೆಯ ಜೊತೆ. ಮೊಮ್ಮಗಳು ನಿಧಿ ಕಾಲೇಜಿಗೆ ಹೋಗುತ್ತಾಳೆ. ಭಾನುವಾರ ಬಂದರೆ ಮೆಟ್ರೋ ಹಿಡಿದು ನೋಯ್ಡಾದ ಯಾವುದೋ ಕ್ಲಬ್ಬಿಗೆ ಹೋಗಿ ಮೇಜಿನ ಮೇಲೆ ಯುದ್ಧದಾಟ ಆಡುತ್ತಾಳೆ. ಅರ್ಧ ಬೆರಳಿನಷ್ಟು ಎತ್ತರದ ಪ್ಲಾಸ್ಟಿಕ್ ಸೈನಿಕರು. ತಂದ ಹಾಗೇ ಇಟ್ಟುಕೊಳ್ಳುವುದಿಲ್ಲ. ಒಬ್ಬನ ಕೈ ಕತ್ತರಿಸಿ ಇನ್ನೊಬ್ಬನಿಗೆ ಅಂಟಿಸುತ್ತಾಳೆ, ಟೋಪಿ ಬದಲಿಸುತ್ತಾಳೆ, ನಾಲ್ಕು ಕೂದಲಿನ ಕುಂಚದಲ್ಲಿ ಕಣ್ಣು ಬರೆಯುತ್ತಾಳೆ. ಇದೆಲ್ಲ ನಡೆಯುವುದು ನಮ್ಮ ಊಟದ ಮೇಜಿನ ಮೇಲೆ. ನಾನು ಪಕ್ಕದಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿರುತ್ತೇನೆ. ಹೀಗೇ ಒಂದು ದಿನ ಅವಳು ನಿಂತ ಸೈನಿಕನ ಕಾಲು ಕತ್ತರಿಸಿ ಮಂಡಿಯೂರಿಸುತ್ತಿದ್ದಳು. ಹಾಗೆ ಕುಳ್ಳಗೆ ಮಾಡಿದರೆ ಗೋಡೆಯ ಹಿಂದೆ ಅಡಗುತ್ತಾನಲ್ಲ, ಅದು ನಡೆಯುತ್ತದಾ ಅಂತ ಕೇಳಿದೆ. ಅವಳು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು.

“ಅಜ್ಜಿ, ನಿಮಗೆ ಇದು ಹೇಗೆ ಗೊತ್ತು? ಇವನು ಸಿರ್ಫ್ ಶೋಕೇಸ್‌ಗೆ. ಗೇಮ್‌ನಲ್ಲಿ ಇಟ್ರೆ ಸೀದಾ ಬಾಹರ್. ಜಡ್ಜ್ ಅಳತೆ ನೋಡ್ತಾರೆ. ಚೆಂದಕ್ಕೆ ಏನ್ ಬೇಕಾದ್ರೂ ಚೇಂಜ್ ಮಾಡಿ, ಫಾಯ್ದಾಕ್ಕೆ, ಗೆಲ್ಲೋಕೆ ಅಂತ ಮಾಡಿದ್ರೆ ಅದು ಚೀಟಿಂಗ್.”

ಇನ್ನೊಂದು ಸಲ ಹೇಳು ಅಂದೆ. ಹೇಳಿದಳು. ಐವತ್ತು ವರ್ಷಕ್ಕೂ ಮೇಲಾಯಿತು, ನಾನು ಇದೇ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಬೇಕು ಅಂತ ಕಾದು. ನಿಯಮ ಮಾಡಿದ್ದವರೇ ಅದನ್ನು ಅವತ್ತು ಹೇಳಲಿಲ್ಲ.

ಅಪ್ಪ ಸೇನೆಯಲ್ಲಿ ಸುಬೇದಾರರು. ಸೋಮವಾರಪೇಟೆ ಕಡೆಯವರು. ನಾನು ಹೇಳುತ್ತಿರುವ ಕಾಲದಲ್ಲಿ ನಾವು ದಿಲ್ಲಿ ಕಂಟೋನ್ಮೆಂಟಿನ ಕ್ವಾರ್ಟರ್ಸಿನಲ್ಲಿದ್ದೆವು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಇಟ್ಟಿಗೆ ಗೋಡೆಯ ಅಂಗಳ, ಅಂಗಳದಲ್ಲಿ ನಲ್ಲಿ. ಮುಂದಿನ ಕೋಣೆ ಅಪ್ಪನದು. ಅಲ್ಲಿ ಒಂದು ಮಂಚ, ಹೆಸರು ಬರೆದ ಕಪ್ಪು ಟ್ರಂಕು, ಗೋಡೆಯ ಗೂಟಗಳಲ್ಲಿ ಗಂಜಿ ಹಾಕಿದ ಬಟ್ಟೆ, ಕೆಳಗೆ ಮುಖ ಕಾಣುವಷ್ಟು ಪಾಲಿಶ್ ಮಾಡಿದ ಬೂಟು. ಹಿಂದಿನ ಕೋಣೆಯಲ್ಲಿ ನಾವು ಮೂವರು. ಅಡುಗೆ ಅಂಗೀಠಿಯ ಮೇಲೆ, ಅಂದರೆ ಕಬ್ಬಿಣದ ಬಕೆಟ್ಟಿಗೆ ಒಳಗಿಂದ ಮಣ್ಣು ಮೆತ್ತಿ ಮಾಡಿದ ಇದ್ದಿಲ ಒಲೆ. ಬೆಳಗ್ಗೆ ಅದನ್ನು ಅಂಗಳದಲ್ಲಿ ಹಚ್ಚಿ, ಹೊಗೆ ಹೋದ ಮೇಲೆ ಕಿವಿ ಹಿಡಿದು ಒಳಗೆ ತರಬೇಕು. ಒರಳುಕಲ್ಲನ್ನು ಅವ್ವ ಊರಿನಿಂದ ಹಾಸಿಗೆ ಕಟ್ಟುವ ಹೋಲ್ಡಾಲಿನಲ್ಲಿ ಸುತ್ತಿ ತಂದಿದ್ದಳು. ಸ್ಟೇಷನ್ನಿನಲ್ಲಿ ಅದನ್ನು ಎತ್ತಲಾರದೆ ಕೂಲಿಯವನು ಒಳಗೇನಿದೆ ಅಂತ ಕೇಳಿದ್ದಕ್ಕೆ ಹಾಸಿಗೆ ಅಂದಳಂತೆ. ರಾಗಿ ಹಿಟ್ಟು ರಜೆ ಮುಗಿಸಿ ಬರುವ ನಮ್ಮ ಕಡೆಯ ಜವಾನರ ಕೈಯಲ್ಲಿ ತಗಡಿನ ಡಬ್ಬದಲ್ಲಿ ಬರುತ್ತಿತ್ತು. ಅಪ್ಪನಿಗೆ ಬೆಳಗ್ಗೆ ಪರೇಡಿಗೆ ಮುಂಚೆ ಮುದ್ದೆ ಆಗಲೇಬೇಕು. ಅಣ್ಣ ಅಕ್ಕಪಕ್ಕದ ಪಂಜಾಬಿ ಹುಡುಗರ ಜೊತೆ ಸೇರಿ ಮುದ್ದೆ ಕಂಡರೆ ಮೂಗು ಮುರಿಯುತ್ತಿದ್ದ, ಅವನಿಗೆ ಪರಾಠಾ. ಅವ್ವ ಎರಡನ್ನೂ ಮಾಡುತ್ತಿದ್ದಳು. ನಿನಗೇನು ಬೇಕು ಅಂತ ನನ್ನನ್ನು ಯಾರೂ ಕೇಳಿದ ನೆನಪಿಲ್ಲ. ಉಳಿದದ್ದು ತಿನ್ನುತ್ತಿದ್ದೆ. ಇದರಲ್ಲಿ ಅಳುವಂಥದ್ದೇನಿಲ್ಲ, ಎರಡೂ ಉಳಿಯುತ್ತಿತ್ತು.

ಅಪ್ಪನ ಕೆಲಸ ಮರಳಿನ ಜೊತೆ. ಹೊಸದಾಗಿ ಬಂದವರಿಗೆ ಯುದ್ಧ ಕಲಿಸುವಾಗ ಸೇನೆಯಲ್ಲಿ ಮರಳು ಹರಡಿ ಗುಡ್ಡ, ಹೊಳೆ, ಹಳ್ಳಿ ಎಲ್ಲವನ್ನೂ ಕಿರಿದಾಗಿ ಮಾಡಿಡುತ್ತಾರೆ. ಸ್ಯಾಂಡ್ ಮಾಡೆಲ್ ಅಂತ ಹೆಸರು. ಅದನ್ನು ಮಾಡುವುದರಲ್ಲಿ ಅಪ್ಪನನ್ನು ಮೀರಿಸಿದವರಿರಲಿಲ್ಲ. ಹೊಲಕ್ಕೆ ಹಸಿರು ಬಣ್ಣ ಹಾಕಿದ ಮರದ ಹೊಟ್ಟು, ಹೊಳೆಗೆ ನೀಲಿ ಹೊಟ್ಟು, ರಸ್ತೆಗೆ ಅವ್ವನ ಉಣ್ಣೆ ದಾರ. ಮನೆಯ ಅಂಗಳದಲ್ಲೂ ಒಂದು ಮಾಡಿದ್ದರು. ಯಾವುದೋ ಹಳೇ ಬಾಗಿಲನ್ನು ಇಟ್ಟಿಗೆಗಳ ಮೇಲೆ ಮಲಗಿಸಿ, ಸುತ್ತ ಪಟ್ಟಿ ಹೊಡೆದು, ಮರಳು ತುಂಬಿಸಿ, ನಮಗಾಗಿ ಆಟ ಕಟ್ಟಿದ್ದರು. ಭಾನುವಾರ ಎಣ್ಣೆಸ್ನಾನ, ತಿಂಡಿ, ಆಮೇಲೆ ಮರಳು. ಇಬ್ಬರಿಗೂ ಹನ್ನೆರಡು ಹನ್ನೆರಡು ಮಣ್ಣಿನ ಸೈನಿಕರು. ಒಬ್ಬ ಸೈನಿಕ ಒಂದು ಸರದಿಗೆ ಒಂದು ಗೇಣು ನಡೆಯಬಹುದು. ಗುಂಡು ಹೊಡೆಯಬೇಕಾದರೆ ಎದುರಾಳಿ ಕಣ್ಣಿಗೆ ಕಾಣಬೇಕು. ನಮ್ಮವನ ಕಣ್ಣಿನಿಂದ ಅವನ ತಲೆಗೆ ನೂಲು ಎಳೆಯುವುದು, ನೂಲು ಮಧ್ಯೆ ಗುಡ್ಡಕ್ಕೋ ಗೋಡೆಗೋ ತಾಗಿದರೆ ಅವನು ಕಾಣುವುದಿಲ್ಲ ಅಂತ ಲೆಕ್ಕ. ತಾಗದಿದ್ದರೆ ಅವ್ವನ ಚೌಕಾಬಾರದ ಕವಡೆ ನಾಲ್ಕು ಎಸೆಯುವುದು. ಮೂರು ಮೇಲ್ಮುಖವಾಗಿ ಬಿದ್ದರೆ ಅವನು ಸತ್ತ. ಗುಡ್ಡದ ಮೇಲಿನ ಬಾವುಟ ಮೊದಲು ಹಿಡಿದವರು ಗೆದ್ದರು.

ಸೈನಿಕರನ್ನು ನಾವೇ ಮಾಡಿಕೊಳ್ಳಬೇಕು. ಕುಂಬಾರನಿಂದ ತಂದ ಹಳದಿ ಮಣ್ಣು, ಅಳತೆಗೆ ಒಂದು ಬೆಂಕಿಕಡ್ಡಿ. ಹಸಿ ಮಣ್ಣಿನ ಸೈನಿಕ ಆ ಕಡ್ಡಿಯಷ್ಟೇ ಎತ್ತರ ನಿಲ್ಲಬೇಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಮಿಕ್ಕದ್ದು ನಮ್ಮಿಷ್ಟ. ನಾನು ಒಬ್ಬನ ಕೈಗೆ ಸೌಟು ಕೊಟ್ಟು ಅಡುಗೆಯವನನ್ನು ಮಾಡಿದ್ದೆ. ಒಬ್ಬನಿಗೆ ಪಕ್ಕದ ಮನೆಯ ಹವಾಲ್ದಾರ್ ಚಾಚಾನ ಹೊಟ್ಟೆ ಇಟ್ಟಿದ್ದೆ, ಚಾಚಾ ಬಂದು ನೋಡಿ ತಾವೇ ನಕ್ಕರು. ಅಪ್ಪ ಒಬ್ಬೊಬ್ಬನನ್ನೇ ಕಡ್ಡಿಯ ಪಕ್ಕ ನಿಲ್ಲಿಸಿ ನೋಡುತ್ತಿದ್ದರು.

“ಬಟ್ಟೆ ನಿಮ್ಮದು, ಎತ್ತರ ಸರ್ಕಾರದ್ದು.”

ಒಂದು ಸಲ ಅಳತೆ ಮುಗಿದ ಮೇಲೆ ನಾನು ನಾಲ್ವರಿಗೆ ನೂಲು ಸುತ್ತಿ ದೊಡ್ಡ ಪೇಟ ಕಟ್ಟಿದೆ. ನೋಡಲು ಬಹಳ ಚೆಂದ. ಆಟದಲ್ಲಿ ಗುಡ್ಡದ ಹಿಂದೆ ತಲೆ ಮರೆಯಾದರೂ ಪೇಟ ಕಾಣುತ್ತಿತ್ತು. ಅಣ್ಣ ಪೇಟಕ್ಕೇ ನೂಲು ಎಳೆದು ಇಬ್ಬರನ್ನು ಕೊಂದ. ನಾನು ತಕರಾರು ಎತ್ತಿದಾಗ ಪೇಟವೂ ತಲೆಯೇ ಅಂತ ಅಪ್ಪ ತೀರ್ಪು ಕೊಟ್ಟರು, ಶೋಕಿ ಮಾಡಿದ್ದು ನೀನು, ಸತ್ತದ್ದು ನಿನ್ನ ಮಂದಿ ಅಂದರು. ಸರಿ ಅಂತ ಒಪ್ಪಿಕೊಂಡೆ. ಆ ಆಟ ಸೋತು ಅಣ್ಣನ ಕೈ ಕುಲುಕಿದೆ, ಯಾಕೆಂದರೆ ಸೋತವರು ಗೆದ್ದವರ ಕೈ ಕುಲುಕಬೇಕು ಅನ್ನುವುದೂ ಅಪ್ಪನ ನಿಯಮ. ಕೆಟ್ಟದ್ದೆನಿಸಲಿಲ್ಲ. ಆ ಸೋಲು ನನ್ನದೇ ಆಗಿತ್ತು.

ಸೈನಿಕರನ್ನು ಸುಡುವುದು ನನ್ನ ಕೆಲಸ. ಅಂಗೀಠಿ ಹೆಂಗಸರದು ಅಂತ ಅಣ್ಣ ಅದರ ಹತ್ತಿರ ಬರುತ್ತಿರಲಿಲ್ಲ. ನೆರಳಲ್ಲಿ ಮೂರು ದಿನ ಒಣಗಿಸಿ, ಅಡುಗೆಯಾದ ಮೇಲೆ ಬೂದಿಯೊಳಗೆ ಸಾಲಾಗಿ ಮಲಗಿಸಿ, ಮೇಲೆ ಕೆಂಡ ಮುಚ್ಚಿ ಬಿಡುತ್ತಿದ್ದೆ. ಎಷ್ಟು ಸಲ ಸುಟ್ಟಿದ್ದೇನೋ ಲೆಕ್ಕವಿಲ್ಲ, ಆ ಮಣ್ಣಿನ ಸ್ವಭಾವ ನನಗೆ ಚೆನ್ನಾಗಿ ಗೊತ್ತಿತ್ತು. ಒಣಗಿ ಸುಟ್ಟು ಬರುವಾಗ ಸೈನಿಕ ಕಡ್ಡಿಗಿಂತ ಕಡ್ಡಿಯ ಮದ್ದಿನ ತಲೆಯಷ್ಟು ಕುಗ್ಗುತ್ತಾನೆ, ಅದಕ್ಕಿಂತ ಹೆಚ್ಚಿಲ್ಲ. ಕುಗ್ಗಿದರೆ ತಲೆ, ಹೊಟ್ಟೆ, ಕಾಲು ಎಲ್ಲ ಒಂದೇ ಸಮ ಕುಗ್ಗುತ್ತವೆ. ತಲೆ ಬಿಟ್ಟು ಕಾಲು ಮಾತ್ರ ಕುಗ್ಗಿಸುವ ಒಲೆಯನ್ನು ನಾನು ಇವತ್ತಿನವರೆಗೂ ಕಂಡಿಲ್ಲ, ಮೈಕ್ರೋವೇವೂ ಸೇರಿ.

ಆ ಚಳಿಗಾಲದಲ್ಲಿ ಅವ್ವ ನಲ್ಲಿಯ ಹತ್ತಿರ ಪಾಚಿಯ ಮೇಲೆ ಜಾರಿ ಬಿದ್ದಳು. ಎರಡು ಕೈಯಲ್ಲೂ ತುಂಬಿದ ಬಕೆಟ್ಟು. ಬೆನ್ನುಮೂಳೆಗೆ ಏಟು. ಮಿಲಿಟರಿ ಆಸ್ಪತ್ರೆಯ ಡಾಕ್ಟರು ತಿಂಗಳುಗಟ್ಟಲೆ ಬರಿ ಹಲಗೆಯ ಮೇಲೆ ಅಂಗಾತ ಮಲಗಿರಬೇಕು, ಏಳಕೂಡದು ಅಂದರು. ಅಪ್ಪ ಎಲ್ಲಿಂದಲೋ ಹಲಗೆ ತಂದು ಹಿಂದಿನ ಕೋಣೆಯ ಬಾಗಿಲ ಬಳಿ ಹಾಕಿದರು. ಒಂದು ವಾರ ಪಕ್ಕದ ಮನೆಯ ಚಾಚಾನ ಹೆಂಡತಿ, ಚಾಚಿ, ದಾಲ್ ರೋಟಿ ಕಳಿಸಿದರು. ಅವರಿಗೂ ನಾಲ್ಕು ಮಕ್ಕಳು, ಎಷ್ಟು ದಿನ ಅಂತ ಕಳಿಸುತ್ತಾರೆ. ಮನೆಯಲ್ಲಿ ಯಾರಾದರೂ ಒಬ್ಬರು ಶಾಲೆ ಬಿಟ್ಟು ಉಳಿಯಬೇಕಾಯಿತು. ಅಣ್ಣ ಎಂಟನೆಯದರಲ್ಲಿದ್ದ, ನಾನು ಆರನೆಯದರಲ್ಲಿ. ತರಗತಿಗೆ ಲೆಕ್ಕದಲ್ಲಿ ನಾನೇ ಮೊದಲು, ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ ಅಂತ ಹೇಳುತ್ತಿದ್ದೇನೆ. ಊಟಕ್ಕೆ ಕೂತಿದ್ದಾಗ ಅಪ್ಪ ವಿಷಯ ಎತ್ತಿದರು. ಹೆಣ್ಣು ಅನ್ನುವ ಕಾರಣಕ್ಕೆ ಗಂಗೂನ ಬಿಡಿಸಿದೆ ಅಂತ ನಾಳೆ ಯಾರೂ ತಮಗೆ ಹೇಳಬಾರದು. ಮುಂದಿನ ಭಾನುವಾರ ಇಬ್ಬರೂ ಮರಳಿನ ಮೇಲೆ ಆಡಲಿ, ಸೋತವರು ಅವ್ವ ಏಳುವವರೆಗೆ ಮನೆಯಲ್ಲಿ ಉಳಿಯಲಿ, ಇದಕ್ಕಿಂತ ನ್ಯಾಯ ಬೇರೆ ಇಲ್ಲ ಅಂದರು. ಹಲಗೆಯ ಮೇಲಿದ್ದ ಅವ್ವ ತಲೆ ತಿರುಗಿಸಲಾಗದೆ ಸೂರು ನೋಡಿಕೊಂಡೇ ಮಾತಾಡಿದಳು.

“ಯಾಕ್ರೀ ಈ ನಾಟಕ? ಅವಳೇ ಉಳೀಬೇಕು ಅಂತ ಹೇಳಿಬಿಡಿ. ನಾಲ್ಕು ದಿನ ಮುಖ ಊದಿಸ್ಕೊಂಡು ಆಮೇಲೆ ಮುದ್ದೆ ತಿರುವ್ತಾಳೆ.”

“ನನ್ನ ಮನೇಲಿ ಹಾಗೆ ನಡೆಯಲ್ಲ. ಗೆದ್ದವರು ಶಾಲೆಗೆ.”

ನನಗೆ ಖುಷಿಯೇ ಆಯಿತು. ಹಿಂದಿನ ಮೂರು ಭಾನುವಾರವೂ ಗೆದ್ದವಳು ನಾನು. ಅಣ್ಣ ತನ್ನವರನ್ನು ಒಟ್ಟಿಗೆ ನುಗ್ಗಿಸುತ್ತಿದ್ದ, ನಾನು ಕೂತು ಕಾಯುತ್ತಿದ್ದೆ. ಅಷ್ಟೇ ವ್ಯತ್ಯಾಸ. ಅಪ್ಪನಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ಮಾತು ಕೊಟ್ಟರಲ್ಲ, ನನ್ನಪ್ಪ ಎಷ್ಟು ದೊಡ್ಡವರು ಅಂದುಕೊಂಡೆ. ಹನ್ನೊಂದು ವರ್ಷದ ಹುಡುಗಿಗೆ ಅಷ್ಟೇ ಬುದ್ಧಿ.

ಹೊಸದಾಗಿ ಹನ್ನೆರಡು ಹನ್ನೆರಡು ಮಾಡಬೇಕು ಅಂತಾಯಿತು. ಈ ಸಲ ನಾನು ಪೇಟ, ಹೊಟ್ಟೆ, ಸೌಟು ಯಾವುದನ್ನೂ ಮಾಡಲಿಲ್ಲ. ಹನ್ನೆರಡೂ ಸಾದಾ ಆಳುಗಳು. ಮಂಗಳವಾರ ಅಪ್ಪ ಇಪ್ಪತ್ತನಾಲ್ಕನ್ನೂ ಹಸಿಯಾಗಿದ್ದಾಗಲೇ ಅಳೆದು ಪಾಸು ಮಾಡಿದರು. ಆಮೇಲೆ ಅಣ್ಣ ತನ್ನವನ್ನು ತಟ್ಟೆಯಲ್ಲಿಟ್ಟು ಇನ್ನೊಂದು ತಟ್ಟೆ ಮುಚ್ಚಿ ಮಂಚದ ಕೆಳಗೆ ಒಣಗಿಸಲು ಇಟ್ಟ. ಶುಕ್ರವಾರ, ಈ ಸಲ ನನ್ನವನ್ನು ನಾನೇ ಸುಡುತ್ತೇನೆ, ನಿನಗೆ ಅವ್ವನ ಕೆಲಸವೇ ಸಾಕಷ್ಟಿದೆ ಅಂದ. ಹುಟ್ಟಿದಾರಭ್ಯ ಒಲೆ ಮುಟ್ಟದವನು. ಅವ್ವ ಬಿದ್ದ ಮೇಲೆ ಜವಾಬ್ದಾರಿ ಬಂದಿದೆ ಅಂದುಕೊಂಡೆ. ಕೆಂಡ ಎಷ್ಟಿರಬೇಕು, ಬೂದಿ ಎಷ್ಟಿರಬೇಕು ಅಂತ ಪಕ್ಕದಲ್ಲಿ ಕೂತು ಹೇಳಿಕೊಟ್ಟೆ. ಶನಿವಾರ ಅವನು ಅಪ್ಪನ ಬೂಟ್ ಪಾಲಿಶ್ ತೆಗೆದುಕೊಂಡು ಹನ್ನೆರಡೂ ಸೈನಿಕರ ಮೊಣಕಾಲಿನಿಂದ ಪಾದದವರೆಗೆ ಕಪ್ಪು ಬಳಿದ. ಕಾಲಿಗೆ ಪಟ್ಟಿ ಸುತ್ತಿದ ಹಾಗೆ ಕಾಣಲಿ ಅಂತ. ದೂರದಿಂದ ತೋರಿಸಿದ. ಬಹಳ ಚೆನ್ನಾಗಿದೆ ಅಂದೆ. ಇಷ್ಟು ವರ್ಷದಲ್ಲಿ ನನಗೆ ಹೆಚ್ಚು ಉರಿಸಿರುವುದು ಸೋತದ್ದಲ್ಲ. ಆ ‘ಬಹಳ ಚೆನ್ನಾಗಿದೆ’.

ಭಾನುವಾರ ಅಪ್ಪ ಮರಳಿನಲ್ಲಿ ಹೊಸ ನೆಲ ಕಟ್ಟಿದ್ದರು. ಆ ತುದಿಗೆ ಬಾವುಟದ ಗುಡ್ಡ, ನಡುವೆ ಬಯಲು, ಬಯಲಿನುದ್ದಕ್ಕೂ ಗುಡ್ಡದ ಬುಡದವರೆಗೆ ಹೆಂಚಿನ ಚೂರು ನಿಲ್ಲಿಸಿದ ತಗ್ಗು ಗೋಡೆ. ಆಟಕ್ಕೆ ಮುಂಚೆ ಎಲ್ಲವನ್ನೂ ಸುತ್ತಾಡಿ ನೋಡಬಹುದಿತ್ತು. ನಾನು ನನ್ನವನೊಬ್ಬನನ್ನು ಗೋಡೆಯ ಹಿಂದೆ ನಿಲ್ಲಿಸಿ ನೋಡಿದೆ. ಕುತ್ತಿಗೆ, ತಲೆ ಪೂರ್ತಿ ಮೇಲೆ ಕಾಣುತ್ತಿತ್ತು. ಹಾಗಾದರೆ ಈ ಗೋಡೆಯಿಂದ ಯಾರಿಗೂ ಪ್ರಯೋಜನವಿಲ್ಲ, ಅದರ ಹಿಂದೆ ಹೋಗುವವರು ಸಾಯುತ್ತಾರೆ ಅಂತ ತೀರ್ಮಾನಿಸಿ, ಆರು ಜನರನ್ನು ಬಯಲಿನ ಈಚೆ ಬದಿಯಲ್ಲಿ ನಿಲ್ಲಿಸಿ ಕಾದೆ. ಅಣ್ಣ ಎಂದಿನಂತೆ ಒಟ್ಟಿಗೆ ನುಗ್ಗಲಿಲ್ಲ. ಐದು ಜನರನ್ನು ಸಾಲಾಗಿ ಗೋಡೆಯ ಹಿಂದೆ ನಡೆಸಿದ. ಬಂದರಲ್ಲ ಅಂತ ನಾನು ನೂಲು ಎಳೆದೆ. ತಾಗಿತು. ಎರಡನೆಯವನಿಗೆ ಎಳೆದೆ. ತಾಗಿತು. ಮೂರನೆಯವನಿಗೂ ತಾಗಿದಾಗ ನಾನೇ ಸರಿಯಾಗಿ ಎಳೆಯುತ್ತಿಲ್ಲವೇನೋ ಅಂತ ಅಪ್ಪನ ಕೈಗೆ ನೂಲು ಕೊಟ್ಟೆ. ಅವರು ಎಳೆದರೂ ತಾಗಿತು. ಮುಂದಿನ ಸರದಿಗೂ ಅದೇ, ಅದರ ಮುಂದಿನದಕ್ಕೂ ಅದೇ. ಐವರಲ್ಲಿ ನಾಲ್ವರು ಒಂದು ಗುಂಡೂ ತಿನ್ನದೆ ಗುಡ್ಡದ ಬುಡಕ್ಕೆ ಹೋದರು. ಆಗ ನಾನು ನನ್ನ ಕಡೆ ಸತ್ತವನೊಬ್ಬನನ್ನು ಎತ್ತಿ, ಗೋಡೆಯ ಹಿಂದೆ ಇನ್ನೂ ಉಳಿದಿದ್ದ ಅಣ್ಣನ ಆಳಿನ ಪಕ್ಕ ನಿಲ್ಲಿಸಿದೆ. ನನ್ನವನ ತಲೆ ಗೋಡೆಯಿಂದ ಮೇಲೆ. ಅವನ ಆಳಿನ ಟೋಪಿ ಗೋಡೆಗೆ ಸಮ.

“ಅಪ್ಪ, ಇವನ ಮಂದಿ ಕುಳ್ಳಗಿದ್ದಾರೆ.”

“ಸುಡುವಾಗ ಕುಗ್ಗಿದೆ. ಮಣ್ಣು ಅಂದ್ಮೇಲೆ ಕುಗ್ಗಲ್ವಾ? ಸೋಲ್ತೀನಿ ಅಂತ ಗೊತ್ತಾದ ಕೂಡ್ಲೇ ಶುರು ಇವಳದ್ದು,” ಅಂದ ಅಣ್ಣ.

“ತಲೆ ನನ್ನವನ ತಲೆಯಷ್ಟೇ ಇದೆ. ಕೈ ಅಷ್ಟೇ ಇದೆ. ಕಾಲು ಮಾತ್ರ ಹೇಗೆ ಕುಗ್ಗುತ್ತೆ?”

ಅಪ್ಪ ಬಗ್ಗಿ ಅಣ್ಣನ ಆಳನ್ನು ಕೈಗೆತ್ತಿಕೊಂಡರು. ಬಿಸಿಲಿಗೆ ಹಿಡಿದು ತಿರುಗಿಸಿದರು. ಹೆಬ್ಬೆರಳಿನಿಂದ ಕಾಲಿನ ಕಪ್ಪನ್ನು ಒಮ್ಮೆ ಉಜ್ಜಿದರು. ಬೆರಳಿಗೆ ಪಾಲಿಶ್ ಬಂತು, ಕೆಳಗೆ ಮೊಣಕಾಲಿನ ಸುತ್ತ ಬಳೆಯ ಹಾಗೆ ಒಂದು ಗೆರೆ ಕಂಡಿತು. ನಾನು ನಿಂತಲ್ಲಿಗೇ ಕಂಡಿತು. ಕತ್ತರಿಸಿ, ನಡುವಿನ ತುಂಡು ತೆಗೆದು, ಹಸಿಮಣ್ಣು ಮೆತ್ತಿ ಕೂಡಿಸಿದ ಗೆರೆ. ಜೀವನವಿಡೀ ಮರಳು ಮಣ್ಣಿನಲ್ಲೇ ಕೈಯಾಡಿಸಿದವರಿಗೆ ಅದು ಏನು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಅಪ್ಪ ಆ ಗೆರೆಯನ್ನು ನೋಡಿದರು, ಅಣ್ಣನನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಆಳನ್ನು ಎತ್ತಿಕೊಂಡಿದ್ದ ಜಾಗದಲ್ಲೇ ಇಟ್ಟು, ಕರವಸ್ತ್ರ ತೆಗೆದು ಹೆಬ್ಬೆರಳು ಒರೆಸಿಕೊಂಡರು.

“ಒಲೆ ಎಲ್ಲಾ ಕಡೆ ಒಂದೇ ಥರ ಉರಿಯಲ್ಲ. ಆಟ ಮುಂದುವರಿಸಿ.”

ಬಾಗಿಲ ಬಳಿ ಬಿಸಿಲಿಗೆ ಮಲಗಿದ್ದ ಅವ್ವ ಒಂದು ಸಲ ‘ಹೂಂ’ ಅಂದಳು. ಅಷ್ಟೇ. ನಾನು ಆಟ ಬಿಟ್ಟು ಏಳಲಿಲ್ಲ. ಎದ್ದರೆ ಸೋಲು ತಾಳದೆ ಎದ್ದಳು ಅನ್ನುತ್ತಾರೆ. ಕೊನೆಯ ಆಳು ಬೀಳುವವರೆಗೆ ಆಡಿದೆ. ಅಣ್ಣನ ಕುಳ್ಳ ಬಾವುಟ ಹಿಡಿದ. ಕೈ ಕುಲುಕು ಅಂದರು ಅಪ್ಪ. ಕುಲುಕಿದೆ. ಅವನ ಅಂಗೈ ಒದ್ದೆಯಾಗಿತ್ತು. ಅದೇ ಕೊನೆ. ಆಮೇಲೆ ಅವನಿಗೆ ಮದುವೆಯಾಯಿತು, ಬಡ್ತಿಯಾಯಿತು, ಮೆಡಲು ಬಂತು, ಒಮ್ಮೆಯೂ ನಾನು ಅವನ ಕೈ ಕುಲುಕಿಲ್ಲ. ವರ್ಷಕ್ಕೊಮ್ಮೆ ರಾಖಿ ಕಟ್ಟುತ್ತೇನೆ, ಗಂಟು ಬಿಗಿಯಾಗಿಯೇ ಕಟ್ಟುತ್ತೇನೆ. ನಾನು ಹಳೇ ಕಾಲದವಳು, ಗಂಡಸರ ಕೈ ಕುಲುಕುವುದಿಲ್ಲ ಅಂತ ಅತ್ತಿಗೆ ತಿಳಿದುಕೊಂಡಿದ್ದಾಳೆ. ಹಾಗೇ ತಿಳಿದುಕೊಂಡಿರಲಿ.

ಅಪ್ಪ ಆ ಮಧ್ಯಾಹ್ನವೇ ಶಾಲೆಗೆ ಅರ್ಜಿ ಬರೆದರು. ಎರಡು ತಿಂಗಳ ರಜೆ ಅಂತ. ಅವ್ವ ಎದ್ದು ನಡೆದದ್ದು ಎಂಟು ತಿಂಗಳಿಗೆ, ಅಷ್ಟರಲ್ಲಿ ಶಾಲೆಯವರು ಹೆಸರು ಹೊಡೆದುಹಾಕಿದ್ದರು. ಮತ್ತೆ ಸೇರಿಸುವ ಮಾತನ್ನು ಯಾರೂ ಎತ್ತಲಿಲ್ಲ. ಕನ್ನಡ ಅಕ್ಷರ ನನಗೆ ಬಂದದ್ದು ಆ ಎಂಟು ತಿಂಗಳಲ್ಲಿ. ಅದರಲ್ಲೂ ಪುಣ್ಯದ ಮಾತೇನಿಲ್ಲ. ಊರಿಂದ ಬಂದ ಕಾಗದವನ್ನು ಮಲಗಿಕೊಂಡು ಮುಖದ ಮೇಲೆ ಹಿಡಿದು ಓದಿದರೆ ಅವ್ವನಿಗೆ ತೋಳು ನೋಯುತ್ತಿತ್ತು, ಅದಕ್ಕೆ ನನಗೆ ಕಲಿಸಿದಳು. ಆ ಅಕ್ಷರದಲ್ಲೇ ಈಗ ಇದನ್ನು ಬರೆಯುತ್ತಿದ್ದೇನೆ. ಅಣ್ಣ ಓದಲಿ ಅಂತಲೇ ಬರೆಯುತ್ತಿದ್ದೇನೆ. ಸಂಚಿಕೆಯವರು ಅವನಿಗೆ ಎರಡು ಪುಟ ಕೊಟ್ಟರು, ನನಗೂ ಕೊಡಬೇಕು.

ಅವತ್ತು ಸಂಜೆ ಅಂಗಳದಲ್ಲಿ ಯಾರೂ ಇಲ್ಲದಾಗ ಅಣ್ಣನ ಆಳೊಂದನ್ನು ತೆಗೆದು ಸೋಪಿನ ನೀರಿನಲ್ಲಿ ತೊಳೆದೆ. ಶಾಲೆಯ ಸ್ಕೇಲಿನಲ್ಲಿ ಅಳೆದೆ. ನನ್ನದು ಐದು ಪಾಲಿದ್ದರೆ ಅವನದು ನಾಲ್ಕು. ಐದರಲ್ಲಿ ಒಂದು ಪಾಲು ಕತ್ತರಿಸಿದ್ದ, ಹನ್ನೆರಡರಲ್ಲೂ ಸರಿಸಮ. ಕೆಲಸ ಚೊಕ್ಕವಾಗಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ ಅಣ್ಣನ ಮುಂದೆ ಅದನ್ನು ಹಿಡಿದೆ. ಅವನು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

“ನೀನು ಗೆದ್ದಿದ್ರೂ ನಿನ್ನೇ ಬಿಡಿಸ್ತಿದ್ರು ಕಣೇ. ಅಪ್ಪ ಮಾತು ತಪ್ಪಬೇಕಾಗಿತ್ತು. ನಾನು ಅವರ ಮರ್ಯಾದೆ ಉಳಿಸಿದೆ.”

ಇದು ನಿಜವೇ ಇರಬಹುದು. ಎಷ್ಟು ಯೋಚಿಸಿದರೂ ನಿಜವೇ ಅನ್ನಿಸುತ್ತದೆ. ಆದರೆ ನಾನು ಗೆದ್ದಿದ್ದರೆ ಅಪ್ಪ ನನ್ನ ಮುಂದೆ ನಿಂತು, ನೀನು ಹುಡುಗಿ, ನೀನೇ ಉಳಿ ಅಂತ ಬಾಯಿಬಿಟ್ಟು ಹೇಳಬೇಕಾಗಿತ್ತು. ಆ ಮಾತು ಅವರ ಬಾಯಲ್ಲಿ ಬರುವುದನ್ನು ನಾನು ನೋಡಬೇಕಾಗಿತ್ತು. ಗೆದ್ದವಳು ಮನೆಯಲ್ಲಿ ಉಳಿಯುವುದು ಬೇರೆ, ಸೋತವಳು ಉಳಿಯುವುದು ಬೇರೆ. ಆ ಗೆಲುವನ್ನೂ ಇಬ್ಬರೂ ಸೇರಿ ತಿಂದರು. ಈಗ ವಯಸ್ಸಾಯಿತು, ಬಿಟ್ಟುಬಿಡಿ ಅತ್ತೆ ಅಂತ ಸೊಸೆ ಹೇಳುತ್ತಾಳೆ. ವಯಸ್ಸಿಗೂ ಇದಕ್ಕೂ ಏನು ಸಂಬಂಧ ಅಂತ ನನಗೆ ಅರ್ಥವಾಗಿಲ್ಲ. ಅವನಿಗೂ ವಯಸ್ಸಾಗಿದೆ, ಅವನು ನಿಜ ಹೇಳಬಹುದಲ್ಲ.

ಮಾರನೇ ದಿನ ಸೋಮವಾರ. ಐದು ಗಂಟೆಗೆ ಎದ್ದು ಅಂಗೀಠಿ ಹಚ್ಚಿ, ಹೊಗೆ ಹೋಗಲಿ ಅಂತ ಅಂಗಳದಲ್ಲಿ ಬಿಟ್ಟೆ. ಅಪ್ಪ ನಲ್ಲಿಯ ಕೆಳಗೆ ತಣ್ಣೀರು ಸುರಿದುಕೊಳ್ಳುತ್ತಾ ಸ್ತೋತ್ರ ಹೇಳುತ್ತಿದ್ದರು, ಎಷ್ಟೇ ಚಳಿಯಿದ್ದರೂ ಅವರ ಸ್ನಾನ ಅರ್ಧ ಗಂಟೆ. ಅಣ್ಣ ಇನ್ನೂ ರಜಾಯಿ ಹೊದ್ದು ಮಲಗಿದ್ದ. ಆ ವರ್ಷವಷ್ಟೇ ಅವನು ಚಡ್ಡಿಯಿಂದ ಪ್ಯಾಂಟಿಗೆ ಬಂದಿದ್ದ. ಎರಡು ಖಾಕಿ ಪ್ಯಾಂಟು, ಎರಡೂ ಬಾಗಿಲ ಹಿಂದಿನ ಗೂಟದಲ್ಲಿದ್ದವು. ಅವ್ವನ ಹಲಗೆಯ ಕೆಳಗಿದ್ದ ಹೊಲಿಗೆ ಡಬ್ಬ ಎಳೆದೆ. ಅವ್ವ ಎಚ್ಚರವಾಗಿದ್ದಳು. ನನ್ನ ಕೈಯಲ್ಲಿ ಕತ್ತರಿ, ಹೆಗಲ ಮೇಲೆ ಪ್ಯಾಂಟು, ಎರಡನ್ನೂ ಓರೆಗಣ್ಣಲ್ಲಿ ನೋಡಿದಳು.

“ಅದು ಮೊಂಡು. ಕೆಳಗೆ ದೊಡ್ಡದಿದೆ ನೋಡು, ಅದನ್ನ ತಗೋ.”

ದೊಡ್ಡದನ್ನು ತೆಗೆದುಕೊಂಡೆ. ಶಾಲೆಯಲ್ಲಿ ನನಗೆ ಕೊನೆಯದಾಗಿ ಕಲಿಸಿದ್ದು ತ್ರೈರಾಶಿ. ಐದಕ್ಕೆ ಒಂದಾದರೆ ಇಷ್ಟಕ್ಕೆ ಎಷ್ಟು ಅನ್ನುವ ಲೆಕ್ಕ. ಅಣ್ಣ ಸರಿಯಾಗಿ ಐದಡಿ ಇದ್ದ. ಅರವತ್ತು ಇಂಚು, ಐದರಲ್ಲಿ ಒಂದು ಪಾಲು ಅಂದರೆ ಹನ್ನೆರಡು. ಟೇಪು ಹಿಡಿದು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ನಾಲ್ಕು ಕಾಲುಗಳನ್ನೂ ಕತ್ತರಿಸಿದೆ. ದಾರ ಕೂಡ ಎದ್ದು ನಿಲ್ಲದ ಹಾಗೆ ನೇರವಾಗಿ ಕತ್ತರಿಸಿದೆ. ಮಡಿಕೆ ಕೂರಿಸಿ ಗೂಟಕ್ಕೆ ಹಾಕಿದೆ. ಕತ್ತರಿಯನ್ನು ಡಬ್ಬಕ್ಕೆ ಹಾಕಲು ಹೋದವಳು ಹಾಕಲಿಲ್ಲ. ಅಂಗಳದಲ್ಲಿ ಇನ್ನೂ ನೀರು ಬೀಳುವ ಸದ್ದಿತ್ತು. ಮುಂದಿನ ಕೋಣೆಗೆ ಹೋದೆ. ಸೋಮವಾರ ಪರೇಡಿನ ದಿನ, ಧೋಬಿ ತಂದುಕೊಟ್ಟಿದ್ದ ಸಮವಸ್ತ್ರ ಗಂಜಿ ಹಾಕಿ ಹಲಗೆಯ ಹಾಗೆ ನಿಂತಿತ್ತು. ಅಪ್ಪ ಐದಡಿ ಹತ್ತು ಇಂಚು. ಎಪ್ಪತ್ತನ್ನು ಐದರಿಂದ ಭಾಗಿಸಿ, ಪ್ಯಾಂಟಿನ ಕಾಲಿಗೆ ಹದಿನಾಲ್ಕಕ್ಕೆ ಗೆರೆ ಎಳೆದು, ಅದನ್ನೂ ಕತ್ತರಿಸಿ, ಒಳಗೆ ಹೋಗಿ ಮುದ್ದೆಗೆ ಎಸರಿಟ್ಟೆ.